ಗೌರಿಯ ಹಾಲಿನ ಹುಳಿಲೆಕ್ಕ

ಅಲ್ಲಾಳಸಂದ್ರದ ಮುನಿಶಾಮಿ ಮೊಮ್ಮಕ್ಕಳನ್ನು ಆಡಿಸಬೇಕಾದ ವಯಸ್ಸಿನಲ್ಲಿ ರಸಾಯನಶಾಸ್ತ್ರ ಕಲಿಯಲು ಹೊರಟದ್ದಕ್ಕೆ ಅವನ ಹಣೆಬರಹವೂ ಎದುರುಗಡೆಯ ಅಪಾರ್ಟ್‌ಮೆಂಟೂ ಸಮಪಾಲು ಕಾರಣ. ಹಣೆಬರಹದ ಮೇಲೆ ದೂರು ಕೊಡಲು ಯಾವ ಕಚೇರಿಯೂ ಇಲ್ಲವಾದ್ದರಿಂದ ಅಪಾರ್ಟ್‌ಮೆಂಟಿನ ಸಂಗತಿಯಿಂದಲೇ ಶುರುಮಾಡೋಣ.

ಆ ಅಪಾರ್ಟ್‌ಮೆಂಟು ನಿಂತಿರುವ ಜಾಗದಲ್ಲಿ ಹಿಂದೆ ಮುನಿಶಾಮಿಯ ಅಪ್ಪ ರಾಗಿ ಬೆಳೆಯುತ್ತಿದ್ದ. ಈಗ ಮುನಿಶಾಮಿಗೆ ಉಳಿದಿರುವುದು ಬಾಡಿಗೆಗೆ ಕೊಟ್ಟ ಮಹಡಿಗಳಿರುವ ಒಂದು ಮನೆ, ಅದರ ಹಿಂದೊಂದು ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಗೌರಿ ಎಂಬ ಹಸು. ಗೌರಿಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು ಅವನ ತಾಯಿ ಲಕ್ಕಮ್ಮ. ಹೋದ ಕಾರ್ತಿಕದಲ್ಲಿ ಆಕೆ ಶಿವನ ಪಾದ ಸೇರಿದಳು. ಹೋಗುವ ಮುಂಚೆ ಮನೆಯ ವಿಷಯ, ಬಾಡಿಗೆಯ ವಿಷಯ, ಸೊಸೆಯ ವಿಷಯ ಯಾವುದನ್ನೂ ಎತ್ತಲಿಲ್ಲ. "ಗೌರಿನ ಕಟ್ಟಿದ ಜಾಗದಿಂದ ಬಿಚ್ಚಬ್ಯಾಡ ಕಣಪ್ಪ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು.

ಮುನಿಶಾಮಿಗೆ ಹಾಲು ಅಳೆಯುವುದನ್ನು ಕಲಿಸಿದವಳೂ ಲಕ್ಕಮ್ಮನೇ. ಪಾವು ತುಂಬಿಸಿ ಗಿರಾಕಿಯ ಪಾತ್ರೆಗೆ ಸುರಿಯಬೇಕು. ಸುರಿದ ಮೇಲೆ ಪಾವನ್ನು ಮತ್ತೆ ಅದ್ದಿ ಒಂದಿಷ್ಟು ಕೊಸರು ಹಾಕಬೇಕು. ಕೊಸರಿಲ್ಲದೆ ಯಾರ ಪಾತ್ರೆಯೂ ಅವರ ಬಾಗಿಲಿನಿಂದ ಹೋದದ್ದಿಲ್ಲ. ಮೊದಲ ಗಿರಾಕಿಗೆ ಬೋಣಿಯೆಂದು ತುಸು ಹೆಚ್ಚು, ಬಸುರಿಯರಿಗೆ ಹೆಚ್ಚು, ಸಾಲ ಹೇಳಿ ಮುಖ ತಪ್ಪಿಸಿದವರಿಗೂ ಒಂದು ಹನಿ. ಹುಡುಗನಾಗಿದ್ದಾಗಿನಿಂದ ಹೀಗೆ ಅಳೆದೂ ಅಳೆದೂ, ಕಣ್ಣು ರೆಪ್ಪೆ ಬಡಿದಷ್ಟೇ ಸಹಜವಾಗಿ ಮುನಿಶಾಮಿಯ ಕೈ ಆ ಕೆಲಸ ಮಾಡುತ್ತಿತ್ತು. ಅದಕ್ಕೆ ಅವನ ಅಪ್ಪಣೆಯೇನೂ ಬೇಕಾಗಿರಲಿಲ್ಲ.

ಲಕ್ಕಮ್ಮ ಹೋದ ಮೇಲೆ ಗೌರಿಗೆ ಕೆಟ್ಟಕಾಲ ಬಂತು. ಮುನಿಶಾಮಿಯ ಹೆಂಡತಿ ಮುನಿಕೃಷ್ಣಮ್ಮನ ತಮ್ಮ ನಾಗೇಶ್ ಮನೆ ಕಟ್ಟಿಸಿ ಮಾರುವವನು. ಖಾಲಿ ಜಾಗ ಕಂಡರೆ ಅವನ ಕೈ ತಾನಾಗಿ ಅಳತೆ ಟೇಪಿಗೆ ಹೋಗುತ್ತಿತ್ತು.

"ಭಾವ, ಒಂದು ಅಸು ನಿಲ್ಲೋ ಜಾಗದಲ್ಲಿ ಎರಡು ಕಾರು ನಿಲ್ಲಿಸಬೌದು. ಕಾರು ಸಗಣಿ ಆಕಲ್ಲ, ನೊಣ ಬರಲ್ಲ. ಮಾಕಳಿ ದೊಡ್ಡಮುನಿಯಪ್ಪ ಅಸು ತಗೊಳ್ಳಾಕೆ ರೆಡಿ ಅವ್ನೆ."

ಮುನಿಕೃಷ್ಣಮ್ಮ ನ್ಯಾಯವಂತೆ. ಗಂಡನಿಗೂ ಒಂದು ಅವಕಾಶ ಕೊಟ್ಟಳು. ಎದುರು ಅಪಾರ್ಟ್‌ಮೆಂಟಿನವರು ಗೌರಿಯ ಹಾಲನ್ನು ದಿನವೂ ವರ್ತನೆಗೆ ತೆಗೆದುಕೊಂಡರೆ ಗೌರಿ ಇರಲಿ; ಇಲ್ಲವಾದರೆ ಮಾಕಳಿಗೆ ಹೋಗಲಿ.

ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ ಸುನೀಲ್ ಎಂಬ ಚುರುಕು ಯುವಕ. "ಅಂಕಲ್, ಹಾಲು ಬೇಕೇ ಬೇಕು. ಆದ್ರೆ ಹಾಲು ಟೆಸ್ಟ್ ಮಾಡೋಕೆ ಬರತ್ತೆ ಅಂತ ಸರ್ಟಿಫಿಕೇಟ್ ತೋರಿಸ್ಬೇಕು. ಅಳತೇನೂ ಎಕ್ಸಾಕ್ಟ್ ಇರ್ಬೇಕು. ಒಂದು ಹನಿ ಜಾಸ್ತೀನೂ ಬೇಡ, ಒಂದು ಹನಿ ಕಮ್ಮೀನೂ ಬೇಡ" ಎಂದ.

ಹೆಬ್ಬಾಳದಲ್ಲಿ ಹಾಲು ಪರೀಕ್ಷೆಯ ತರಬೇತಿಯೊಂದು ನಡೆಯುತ್ತಿತ್ತು. ಮುನಿಶಾಮಿ ಸೇರಿದ. ಸೇರಿದವರಿಗೆ ಒಂದೊಂದು ಬಿಳಿ ಕೋಟು ಕೊಟ್ಟರು. ಬೇರೆಯವರು ಅದನ್ನು ಅಲ್ಲಿ ಹಾಕಿ ಅಲ್ಲೇ ಬಿಚ್ಚುತ್ತಿದ್ದರು. ಮುನಿಶಾಮಿ ಮನೆಯಿಂದಲೇ ಹಾಕಿಕೊಂಡು, ಬೀದಿಯ ಈ ತುದಿಯಿಂದ ಆ ತುದಿವರೆಗೆ ಅಗತ್ಯಕ್ಕಿಂತ ನಿಧಾನವಾಗಿ ನಡೆದು ಬಸ್ಸು ಹತ್ತುತ್ತಿದ್ದ.

ಪಕ್ಕದ ಮನೆಯ ಗಂಗರತ್ನಮ್ಮ ಬಾಗಿಲಿಗೆ ನೀರು ಹಾಕುತ್ತಾ ಕೇಳಿದಳು: "ಏನ್ ಮುನಿಶಾಮಣ್ಣ, ಡಾಕ್ಟರಾಗ್ಬಿಟ್ಟಾ?"

"ಕೆಮಿಸ್ಟ್ರಿ ಕಣಮ್ಮ. ನಿಂಗೆ ತಿಳಿಯಾಕಿಲ್ಲ ಬುಡು."

ತನಗೂ ತಿಳಿದಿಲ್ಲವೆಂಬುದನ್ನು ಅವನು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ.

ಪಾಠ ಹೇಳುತ್ತಿದ್ದವರು ರಮಾ ಮೇಡಂ. ಹಾಲಿನಲ್ಲಿ ಹುಳಿಯ ಅಂಶ ಎಷ್ಟಿದೆಯೆಂದು ಕಂಡುಹಿಡಿಯುವುದು ಅವರ ಮುಖ್ಯ ಪಾಠ. "ಹತ್ತು ಮಿಲಿಲೀಟರ್ ಹಾಲು ಈ ಗಾಜಿನ ಫ್ಲಾಸ್ಕಿಗೆ ತಗೊಳ್ಳಿ. ಎರಡು ಹನಿ ಬಣ್ಣದ ಸೂಚಕ ಹಾಕಿ. ಈ ಉದ್ದ ಗಾಜಿನ ಕೊಳವೆ ಬ್ಯೂರೆಟ್ಟು. ಇದರಿಂದ ಕ್ಷಾರ ಹನಿಹನಿಯಾಗಿ ಬಿಡ್ತಾ ಹೋಗಿ. ಹುಳಿಯೆಲ್ಲ ತೀರಿದ ಗಳಿಗೆಗೆ ಹಾಲು ತೆಳು ಗುಲಾಬಿ ಆಗತ್ತೆ. ಅಲ್ಲಿಗೆ ತಿರುಪು ಮುಚ್ಚಿ. ಎಷ್ಟು ಕ್ಷಾರ ಇಳೀತು ಅನ್ನೋದರ ಮೇಲೆ ಲೆಕ್ಕ. ಎರಡು ಸಲ ಒಂದೇ ಅಳತೆ ಬರೋವರೆಗೂ ಮತ್ತೆ ಮತ್ತೆ ಮಾಡಿ."

ಇಬ್ಬಿಬ್ಬರಿಗೆ ಒಂದು ಮೇಜು. ಮುನಿಶಾಮಿಯ ಜೊತೆಗಾರ ಆರ್.ಟಿ. ನಗರದಲ್ಲಿ ಹಾಲಿನ ಅಂಗಡಿ ಇಟ್ಟಿದ್ದ ಮುದಸ್ಸಿರ್. ಮುದಸ್ಸಿರ್ ತಿರುಪು ಹಿಡಿಯುತ್ತಿದ್ದ, ಮುನಿಶಾಮಿ ಕೆಳಗೆ ಫ್ಲಾಸ್ಕು ಅಲ್ಲಾಡಿಸುತ್ತಿದ್ದ. ಅವರ ಲೆಕ್ಕ ಯಾವಾಗಲೂ ಸರಿ ಬರುತ್ತಿತ್ತು. ಮೇಡಂ "ವೆರಿ ಗುಡ್" ಎಂದಾಗಲೆಲ್ಲ ಅದರಲ್ಲಿ ಮುಕ್ಕಾಲು ಪಾಲು ಅಲ್ಲಾಡಿಸುವ ಕೈಗೆ ಸೇರಿದ್ದೆಂದು ಮುನಿಶಾಮಿ ತಿಳಿದಿದ್ದ. ಬಣ್ಣದ ವಿಷಯದಲ್ಲಿ ಮಾತ್ರ ಅವನಿಗೊಂದು ಅಸಮಾಧಾನ.

"ಇಷ್ಟೇನಾ ಸಾಯಬ್ರೇ ಬಣ್ಣ? ಮದುವೆ ಸೀರೆ ಜಾಲಿಸಿದ ನೀರಿದ್ದಂಗೈತೆ."

"ಅಷ್ಟೇ ಸಾಕು ಅಣ್ಣ. ಇನ್ನೂ ಬಿಟ್ರೆ ಕೆಡತ್ತೆ."

ಎಲಾ ಜಿಪುಣ ಎಂದುಕೊಂಡ ಮುನಿಶಾಮಿ.

ಅಭ್ಯಾಸಕ್ಕೆಂದು ಒಂದು ಬ್ಯೂರೆಟ್ಟು, ಕ್ಷಾರದ ಬಾಟಲಿ ಮನೆಗೂ ಕೊಟ್ಟರು. ಮುನಿಶಾಮಿ ಅದನ್ನು ಲಕ್ಕಮ್ಮನ ಫೋಟೋದ ಕೆಳಗಿನ ಮೇಜಿನ ಮೇಲೆ ನಿಲ್ಲಿಸಿ, ಕುಂಕುಮವಿಟ್ಟು, ಊದುಬತ್ತಿ ಹಚ್ಚಿದ. ಗೌರಿಯ ನೊರೆಹಾಲು ಹತ್ತು ಮಿಲಿಲೀಟರ್ ಅಳೆದ. ಬಣ್ಣದ ಹನಿ ಹಾಕಿದ. ತಿರುಪು ತೆರೆದ. ಬಣ್ಣ ಬಂತು. ಕೈ ತನ್ನ ಕೆಲಸ ಮುಗಿಸಿತು. ತಿರುಪು ಮುಚ್ಚಿ ನೋಡಿದರೆ ಹಾಲು ಕಣಗಿಲೆ ಹೂವಿನಂತೆ ಕೆಂಪಗಿತ್ತು. ಇದಪ್ಪಾ ಬಣ್ಣ ಅಂದರೆ!

ಮೊದಲ ಸಲ ಕ್ಷಾರ ಇಳಿದದ್ದು ಎರಡು ಪಾಯಿಂಟ್ ಎಂಟು. ಎರಡನೆಯ ಸಲ ಎರಡೂವರೆ. ಮೂರನೆಯ ಸಲವೂ ಎರಡೂವರೆ. ಎರಡು ಸಲ ಒಂದೇ ಬಂದದ್ದರಿಂದ ಅದನ್ನೇ ಹಿಡಿದ. ಕ್ಷಾರದ ಒಂದೊಂದು ಮಿಲಿಲೀಟರಿಗೆ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಒಂಬತ್ತು ಗ್ರಾಂ ಹುಳಿ ಎಂದು ಮೇಡಂ ಹೇಳಿದ್ದರು. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅವನ ಪ್ರೈಮರಿ ಸ್ಕೂಲಿನ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಆದ್ದರಿಂದ ಅಷ್ಟೂ ಸೊನ್ನೆಗಳನ್ನು ಗೌರವದಿಂದ ಕೈಬಿಟ್ಟು, ಎರಡೂವರೆಯನ್ನು ಒಂಬತ್ತರಿಂದ ಗುಣಿಸಿದ.

ಮುನಿಕೃಷ್ಣಮ್ಮ ಕಾಫಿ ತಂದುಕೊಟ್ಟು ಕೇಳಿದಳು. "ಏನಂತೆ?"

"ಇಪ್ಪತ್ತೆರಡೂವರೆ."

"ಏನದು?"

"ಪರ್ಸೆಂಟು. ನೂರು ಲೋಟ ಆಲಲ್ಲಿ ಇಪ್ಪತ್ತೆರಡೂವರೆ ಲೋಟ ಬರೀ ಉಳಿ." ಮುನಿಶಾಮಿ ಮ್ಲಾನವದನನಾಗಿ ಕಾಫಿ ಹೀರಿದ.

"ಮತ್ತೆ ಅದೇ ಆಲಿನ ಕಾಫಿ ಕುಡೀತಾ ಕುಂತಿದ್ದೀರಲ್ಲ!"

"ಕಾಫಿ ಚೆನ್ನಾಗೈತೆ. ಆಲು ಕೆಟ್ಟೈತೆ."

ಮುದಸ್ಸಿರ್‌ಗೆ ಫೋನು ಹೋಯಿತು. "ಇಪ್ಪತ್ತೆರಡೂವರೆನಾ? ಅಣ್ಣ, ಅದು ಹಾಲಲ್ಲ, ಉಪ್ಪಿನಕಾಯಿ!" ಎಂದು ಅವನು ಗಾಬರಿಯಾಗಿ, ಲೆಕ್ಕವನ್ನು ಮೊದಲಿನಿಂದ ಹೇಳಿಸಿದ. "ಆ ಸೊನ್ನೆ ಎಲ್ಲಿಗೆ ಹೋಯ್ತು? ಪಾಯಿಂಟ್ ಆದ ಮೇಲೆ ಬರೋ ಸೊನ್ನೆ ಬಿಡಂಗಿಲ್ಲ. ಎರಡೂವರೆ ಇಂಟು ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಒಂಬತ್ತು. ಬಂದಿದ್ದನ್ನ ಹಾಲಿನ ಅಳತೆ ಹತ್ತರಿಂದ ಭಾಗಿಸಿ. ಆಮೇಲೆ ಪರ್ಸೆಂಟಿಗೆ ನೂರರಿಂದ ಗುಣಿಸಿ. ಎಷ್ಟು ಬಂತು?"

"ಸೊನ್ನೆ ಪಾಯಿಂಟ್ ಎರಡು ಎರಡು ಐದು."

ಮುದಸ್ಸಿರ್ ತಾನೂ ಒಮ್ಮೆ ಗುಣಿಸಿ ನೋಡಿದ. "ಇದೂ ಜಾಸ್ತೀನೇ ಅಣ್ಣ. ಒಳ್ಳೆ ಹಾಲು ಪಾಯಿಂಟ್ ಒನ್ ಸೆವೆನ್ ದಾಟಲ್ಲ ಅಂತ ಮೇಡಂ ಹೇಳ್ಲಿಲ್ವಾ? ಹಸುಗೆ ಹುಷಾರಿಲ್ವಾ?"

ತರಬೇತಿಯಲ್ಲಿ ಲೆಕ್ಕ ಸರಿ ಬರುತ್ತದೆ, ಮನೆಯಲ್ಲಿ ಬರುವುದಿಲ್ಲ. ಬ್ಯೂರೆಟ್ಟು ಅದೇ, ಕ್ಷಾರ ಅದೇ, ಮುನಿಶಾಮಿಯೂ ಅದೇ ಮುನಿಶಾಮಿ. ಹಾಗಾದರೆ ತಪ್ಪು ಗೌರಿಯದಲ್ಲದೆ ಇನ್ನಾರದು? ಅವನ ತರ್ಕದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

ಮಾರನೆಯ ಬೆಳಿಗ್ಗೆ ಈಶ್ವರನ ಗುಡಿಯ ಅರ್ಚಕರು ಚೊಂಬು ಹಿಡಿದು ಮನೆಗೇ ಬಂದರು. ಗೌರಿಯ ಮೊದಲ ಪಾವು ಹಾಲು ಲಕ್ಕಮ್ಮನ ಕಾಲದಿಂದಲೂ ಅಭಿಷೇಕಕ್ಕೆ ಹೋಗುತ್ತಿತ್ತು, ಅಂದು ಹೋಗಿರಲಿಲ್ಲ.

"ಏನಯ್ಯಾ ಮುನಿಶಾಮಿ, ಸ್ವಾಮಿ ಕಾಯ್ತಾ ಕೂತಿದ್ದಾನೆ."

"ಸೊನ್ನೆ ಪಾಯಿಂಟ್ ಎರಡು ಎರಡು ಐದು ಸ್ವಾಮಿ. ತಿಳಿದೂ ತಿಳಿದೂ ದೇವರ ತಲೆ ಮೇಲೆ ಎಂಗೆ ಉಯ್ಯಲಿ?"

"ಹಾಲಾಹಲ ಕುಡಿದು ಜೀರ್ಣಿಸಿಕೊಂಡವನಯ್ಯಾ ಅವನು! ನಿನ್ನ ಸೊನ್ನೆ ಪಾಯಿಂಟಿಗೆ ಹೆದರ್ತಾನಾ? ತಾ ಇಲ್ಲಿ" ಎಂದು ಚೊಂಬು ತುಂಬಿಸಿಕೊಂಡು ಹೋದರು.

ಗೋಡೆಯಾಚೆ ಕಿವಿಕೊಟ್ಟು ನಿಂತಿದ್ದ ಗಂಗರತ್ನಮ್ಮ ತಡಮಾಡಲಿಲ್ಲ. ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್ಟು ಹಿಡಿದು ಬಂದಳು. ಪರೀಕ್ಷೆ ನಡೆಯಿತು. ಕಣಗಿಲೆ ಬಣ್ಣ. ಅದೂ ಹುಳಿ! ಆಕೆಯ ಕೂಗಿಗೆ ಬೀದಿಯೇ ನೆರೆಯಿತು. ಲೋಟ, ಚೊಂಬು, ಟಿಫಿನ್ ಡಬ್ಬಿಗಳಲ್ಲಿ ಹಾಲು ಬಂತು. ಮುನಿಶಾಮಿ ಬಿಳಿ ಕೋಟು ತೊಟ್ಟು ಒಬ್ಬೊಬ್ಬರದನ್ನೇ ಪರೀಕ್ಷಿಸಿ, ಮುಖ ಗಂಭೀರ ಮಾಡಿ ತಲೆಯಾಡಿಸಿದ. ಎಲ್ಲವೂ ಹುಳಿ. ಅದರಲ್ಲೂ ಬಸುರಿ ಶಾಂತಲಾಳ ಮನೆಯ ಹಾಲು ಎಲ್ಲಕ್ಕಿಂತ ಹುಳಿ. ಬಾಮೈದ ನಾಗೇಶನ ಮನೆಯದು ಮಾತ್ರ ಯಾಕೋ ಪರವಾಗಿಲ್ಲ ಎನ್ನುವಂತಿತ್ತು. ದೇವರು ಇಂಥವರಿಗೇ ಒಳ್ಳೆಯ ಹಾಲು ಕೊಡುತ್ತಾನಲ್ಲ ಎಂದು ಮುನಿಶಾಮಿ ನೊಂದುಕೊಂಡ.

ಗಂಗರತ್ನಮ್ಮನೇ ಕಾರಣ ಕಂಡುಹಿಡಿದಳು. "ಏರೋಪ್ಲೇನು ಕಣ್ರೀ! ತಲೆ ಮೇಲೆ ಅಷ್ಟು ತಗ್ಗಲ್ಲಿ ಗುಂಯ್ ಅಂತ ಓದ್ರೆ ಕೆಚ್ಚಲಲ್ಲೇ ಆಲು ಅದುರಿ ಉಳಿಯಾಗದೆ ಇರ್ತದಾ?"

ಅದೇ ಗಳಿಗೆಗೆ ಒಂದು ವಿಮಾನವೂ ಹಾದುಹೋದದ್ದರಿಂದ ಈ ಸಿದ್ಧಾಂತಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎಲ್ಲರೂ ತಲೆಯೆತ್ತಿ ಅದರ ಹೊಟ್ಟೆಯನ್ನು ದ್ವೇಷದಿಂದ ನೋಡಿದರು. ನಾಗೇಶ್ ಮಾತ್ರ ಕೆಳಗೆ, ಕೊಟ್ಟಿಗೆಯ ಕಡೆ ನೋಡಿದ.

"ಏರ್‌ಪೋರ್ಟ್ ಎತ್ತಿಸಾಕೆ ನಮ್ ಕೈಲಿ ಆಗಲ್ಲ ಭಾವ. ಅಸುನ ಎತ್ತಿಸಬೌದು. ಮಾಕಳಿಲಿ ಏರೋಪ್ಲೇನ್ ಕಾಟ ಇಲ್ಲ."

ಸಂಜೆಯೇ ದೊಡ್ಡಮುನಿಯಪ್ಪ ಬಂದ. ಗೌರಿಯ ಬೆನ್ನು ಸವರಿದ, ಹಲ್ಲು ಎಣಿಸಿದ, ಹಾಲು ಕರೆಸಿ ಒಂದು ಲೋಟ ಕುಡಿದು ಮೀಸೆ ಒರೆಸಿಕೊಂಡ. "ಕಲ್ಸಕ್ಕರೆ ಇದ್ದಂಗೈತೆ."

"ಬಾಯಿಗೆ ಅಂಗನ್ನಿಸ್ತದೆ ಗೌಡ್ರೇ" ಎಂದ ಮುನಿಶಾಮಿ ಪ್ರಾಮಾಣಿಕವಾಗಿ. "ಲೆಕ್ಕದಲ್ಲಿ ಉಳಿ. ಮೋಸ ಮಾಡಬಾರದು ನೋಡಿ, ಅದಕ್ಕೇ ಏಳ್ತಾ ಇವ್ನಿ. ಇದು ಒಳ್ಳೆ ಅಸು ಅಲ್ಲ."

ತನ್ನ ಹಸುವನ್ನು ತಾನೇ ಹಳಿಯುವ ಮಾಲೀಕನನ್ನು ದೊಡ್ಡಮುನಿಯಪ್ಪ ಇಷ್ಟು ವರ್ಷದ ವ್ಯಾಪಾರದಲ್ಲಿ ಕಂಡಿರಲಿಲ್ಲ. ಇದರಲ್ಲೇನೋ ಮರ್ಮವಿದೆ, ಹಸು ಕಾಮಧೇನುವೇ ಇರಬೇಕು, ಅದಕ್ಕೇ ಬಚ್ಚಿಡುತ್ತಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಮುನಿಶಾಮಿ ಹಳಿದಷ್ಟೂ ಅವನು ಬೆಲೆ ಏರಿಸಿದ. ಕೊನೆಗೆ, "ನಾಳೆ ಮಧ್ಯಾಹ್ನ ಗಾಡಿ ತತ್ತೀನಿ. ಮಾತು ಬದಲಾಯಿಸಬ್ಯಾಡಿ" ಎಂದು ಎದ್ದ.

ನಾಳೆಯೇ ಮುನಿಶಾಮಿಯ ಪರೀಕ್ಷೆ. ಅವನು ತಾಯಿಯ ಫೋಟೋದ ಎದುರು ನಿಂತ. ಬಾಡಿದ ಹೂವು ತೆಗೆದು ಹೊಸದು ಇಟ್ಟ, ಅಷ್ಟೇ.

ಪರೀಕ್ಷೆಯ ನಿಯಮ ಸರಳವಾಗಿತ್ತು. ಎಲ್ಲರೂ ತಮ್ಮ ತಮ್ಮ ಹಾಲು ತಂದು ರಮಾ ಮೇಡಂ ಎದುರು ಒಬ್ಬೊಬ್ಬರೇ ಪರೀಕ್ಷಿಸಬೇಕು. ತಿರುಪೂ ತಮ್ಮದೇ, ಅಲ್ಲಾಡಿಸುವುದೂ ತಮ್ಮದೇ. ಮುನಿಶಾಮಿಯ ಸರದಿ ಬಂತು. ಗೌರಿಯ ಹಾಲನ್ನು ಅಳೆದು ಹಾಕಿದ. ಹನಿಹನಿಯಾಗಿ ಕ್ಷಾರ ಬಿಟ್ಟ. ಎಳೆಗರುವಿನ ಕಿವಿಯೊಳಗಿನ ಬಣ್ಣದಂಥ ತೆಳು ಗುಲಾಬಿ ಮೂಡಿ ನಿಂತಿತು.

"ಚೆನ್ನಾಗಿದೆ" ಎಂದು ಮೇಡಂ ಅಳತೆ ನೋಡಲು ಬಗ್ಗಿದರು. ಅವರು ಬಗ್ಗುವಷ್ಟರಲ್ಲಿ ಮುನಿಶಾಮಿಯ ಕೈ ತಿರುಪನ್ನು ಇನ್ನೊಂದು ಸಲ ಓರೆ ಮಾಡಿ, ಚುರ್ರೆಂದು ಬಿಟ್ಟು, ಮುಚ್ಚಿತು. ಕಣಗಿಲೆ.

"ಏನ್ರೀ ಇದು! ಬಣ್ಣ ಬಂದ ಮೇಲೆ ಯಾಕ್ರೀ ಬಿಟ್ಟಿರಿ?"

ಮುನಿಶಾಮಿ ಫ್ಲಾಸ್ಕನ್ನು ನೋಡಿದ, ತನ್ನ ಕೈಯನ್ನು ನೋಡಿದ. "ಅದಾ? ಅದು ಕೊಸರು ಮೇಡಂ."

"ಏನು?"

"ಕೊಸರು. ಅಳತೆ ಮುಗಿದ ಮೇಲೆ ಆಕೋದಲ್ವಾ?"

"ಯಾರಿಗ್ರೀ?"

ಮುನಿಶಾಮಿ ಸುತ್ತಲೂ ನೋಡಿದ. ಬೇರೆ ಯಾರೂ ಕಾಣಲಿಲ್ಲ. "ಅದುಕ್ಕೇ" ಎಂದು ಫ್ಲಾಸ್ಕು ತೋರಿಸಿದ.

ಇಡೀ ಕೊಠಡಿ ಗೊಳ್ಳೆಂದಿತು. ಮುದಸ್ಸಿರ್ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ಮನೇಲೂ ಹೀಗೇ ಮಾಡಿದ್ರಾ?"

"ಎಲ್ರ ಆಲಿಗೂ ಆಕಿವ್ನಿ ಮೇಡಂ. ಬೋಣಿಗೆ ಸ್ವಲ್ಪ ಜಾಸ್ತಿ. ಬಸುರಿ ಎಣ್ಣುಮಗಳಿಗೆ ಇನ್ನೂ ಜಾಸ್ತಿ. ಬಾಮೈದಂಗೆ..." ಮುನಿಶಾಮಿಗೆ ಥಟ್ಟನೆ ಬೆಳಕಾಯಿತು. "ಬಾಮೈದಂಗೆ ಕಮ್ಮಿ ಆಕಿದ್ದೆ!"

"ಹಸು ಹಾಲಲ್ಲಿ ಏನೂ ಇಲ್ಲ ಮುನಿಶಾಮಿಯವರೇ. ಕೊಸರನ್ನೂ ಹುಳಿ ಅಂತ ಲೆಕ್ಕ ಹಾಕಿದ್ದೀರಿ. ಇನ್ನೊಂದು ಸಲ ಮಾಡಿ. ಬಣ್ಣ ಬಂದ ಕೂಡಲೆ ನಿಲ್ಲಿಸಿ."

ಕಾಯಿಲೆ ತಿಳಿದ ಮಾತ್ರಕ್ಕೆ ಗುಣವಾಗುವುದುಂಟೆ? ಎರಡನೆಯ ಸಲ ಮುನಿಶಾಮಿ ಹಲ್ಲುಕಚ್ಚಿ ಹಿಡಿದ. ಬಣ್ಣ ಬಂದದ್ದೇ ತಡ, ಕೈ ಚುರ್ರೆಂದಿತು. ಮೂರನೆಯ ಸಲ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. ಎಡಗೈಯೂ ಅದೇ ತಾಯಿಯ ಮಗನದೇ, ಕೊಸರನ್ನು ಅದೇ ಹಾಕಿತು. ಬಾಟಲಿಯಲ್ಲಿ ಇನ್ನೊಂದೇ ಪರೀಕ್ಷೆಗೆ ಸಾಕಾಗುವಷ್ಟು ಹಾಲು ಉಳಿಯಿತು. ಹೊರಗೆ ಬಿಸಿಲು ನೆತ್ತಿಗೇರಿತ್ತು. ದೊಡ್ಡಮುನಿಯಪ್ಪನ ಗಾಡಿ ಇಷ್ಟು ಹೊತ್ತಿಗೆ ಮಾಕಳಿ ಬಿಟ್ಟಿರಬೇಕು.

"ಆಗಾಕಿಲ್ಲ ಮೇಡಂ" ಎಂದ ಮುನಿಶಾಮಿ. "ಕೊಡದೆ ಕೈ ಇಂದಕ್ಕೆ ಬರಾಕಿಲ್ಲ. ನಮ್ಮವ್ವ ಕಲಿಸಿದ್ದು."

ಮುದಸ್ಸಿರ್ ನಗುವುದನ್ನು ನಿಲ್ಲಿಸಿ ಎದ್ದುಬಂದು, ಫ್ಲಾಸ್ಕಿನ ಪಕ್ಕದಲ್ಲಿ ಒಂದು ಖಾಲಿ ಗಾಜಿನ ಲೋಟ ಇಟ್ಟ. "ಕೊಸರು ಇದಕ್ಕೆ ಕೊಡಿ ಅಣ್ಣ. ಕೊಡ್ಬೇಡಿ ಅಂತ ಯಾರು ಹೇಳಿದ್ದು?"

ಹನಿ, ಹನಿ, ಹನಿ. ಕರುವಿನ ಕಿವಿಯ ಬಣ್ಣ. ಮುದಸ್ಸಿರ್ ಫ್ಲಾಸ್ಕು ಎಳೆದುಕೊಂಡ, ಲೋಟ ತಳ್ಳಿದ, ಮೇಡಂ ಆ ರೆಪ್ಪೆ ಬಡಿಯುವಷ್ಟರಲ್ಲಿ ಅಳತೆ ಓದಿ "ಒಂದು ಪಾಯಿಂಟ್ ಆರು!" ಎಂದು ಕೂಗಿದರು. ಮುನಿಶಾಮಿ ಖಾಲಿ ಲೋಟಕ್ಕೆ ಕೊಸರು ಬಿಟ್ಟು ಉಸಿರುಬಿಟ್ಟ.

ಲೆಕ್ಕ ತಾನೇ ಮಾಡಿದ. ಒಂದು ಪಾಯಿಂಟ್ ಆರು ಇಂಟು ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಒಂಬತ್ತು. ಎಡಗಡೆಯ ಸೊನ್ನೆಗಳಿಗೆ ಈ ಸಲ ಹಿರಿಯರಿಗೆ ಕೊಡುವ ಮರ್ಯಾದೆ ಕೊಟ್ಟ. ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿದ. ಸೊನ್ನೆ ಪಾಯಿಂಟ್ ಒಂದು ನಾಲ್ಕು ನಾಲ್ಕು. ಮೇಡಂ "ವೆರಿ ಗುಡ್" ಎಂದರೋ ಇಲ್ಲವೋ, ಅವನಾಗಲೇ ಫೋನಿನಲ್ಲಿದ್ದ.

ಮುನಿಕೃಷ್ಣಮ್ಮನ ದನಿಯ ಹಿಂದೆ ಗಂಡಸರ ಗದ್ದಲ ಕೇಳುತ್ತಿತ್ತು. "ಗಾಡಿ ಬಂದು ಆಗಲೇ ಒತ್ತಾಯ್ತು. ನಾಗೇಶ ಇಂದ್ಗಡೆಯಿಂದ ತಳ್ತಾ ಅವ್ನೆ. ಮುಂಗಾಲು ಅತ್ತಿಸಿ ಆಯ್ತು, ಇಂಗಾಲು ಅತ್ತಾಕಿಲ್ಲ ಅಂತಾಳೆ ಗೌರಿ."

"ಸೊನ್ನೆ ಪಾಯಿಂಟ್ ಒಂದು ನಾಲ್ಕು ನಾಲ್ಕು!"

"ಅಂಗಂದ್ರೆ?"

"ಇಳಿಸೇ, ಅಂತ!"

ಮುನಿಕೃಷ್ಣಮ್ಮ ಕೂಗಿದ್ದು ಹೆಬ್ಬಾಳದವರೆಗೂ ಫೋನಿಲ್ಲದೆಯೇ ಕೇಳುವಂತಿತ್ತು: "ಬುಡೋ ನಾಗೇಶ! ಅತ್ತೆ ಅಸು ಅದು, ಬಾಲ ಬುಡೋ!"

ದೊಡ್ಡಮುನಿಯಪ್ಪ ಖಾಲಿ ಗಾಡಿಯಲ್ಲಿ ಹಿಂದಿರುಗಿದ. ಅದು ಕಾಮಧೇನುವೆಂದು ಮಾಕಳಿಯಲ್ಲಿ ಇಂದಿಗೂ ಹೇಳುತ್ತಾನೆಂದು ಕೇಳಿದ್ದೇವೆ.

ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹಾಲಿನ ಕ್ಯಾನಿಗೆ ಒರಗಿಸಿ, ಮುನಿಶಾಮಿ ಮೊದಲ ದಿನದ ವರ್ತನೆಗೆ ನಿಂತ. ಮೊದಲು ಬಂದವನು ಸುನೀಲ್. ಸರ್ಟಿಫಿಕೇಟನ್ನು ಎರಡು ಸಲ ಓದಿ ಪಾತ್ರೆ ಹಿಡಿದ. ಮುನಿಶಾಮಿ ಅಳತೆಯನ್ನು ಗೆರೆಗೆ ಸರಿಯಾಗಿ ತುಂಬಿ ಸುರಿದ. ಮತ್ತೆ ಕ್ಯಾನಿನತ್ತ ಹೊರಟ ಬಲಗೈಯನ್ನು ಬಿಳಿ ಕೋಟಿನ ಜೇಬಿಗೆ ತುರುಕಿ ಬಲವಂತವಾಗಿ ಒಳಗೇ ಇರಿಸಿಕೊಂಡ.

"ಆಯ್ತು ಸಾರ್. ಎಕ್ಸಾಕ್ಟು. ಒಂದು ಅನಿ ಎಚ್ಚಿಲ್ಲ, ಒಂದು ಅನಿ ಕಮ್ಮಿ ಇಲ್ಲ."

"ಗುಡ್ ಅಂಕಲ್. ಕರೆಕ್ಟಾಗಿದೆ."

ಆದರೆ ಪಾತ್ರೆ ಹಿಂದಕ್ಕೆ ಹೋಗಲಿಲ್ಲ. ಸುನೀಲ್ ಹಾಲನ್ನು ನೋಡಿದ, ಕ್ಯಾನನ್ನು ನೋಡಿದ, ಮುನಿಶಾಮಿಯ ಜೇಬನ್ನು ನೋಡಿದ. ಹಿಂದೆ ಸಾಲಿನಲ್ಲಿ ನಿಂತಿದ್ದವರೂ ಕತ್ತು ಚಾಚಿ ನೋಡಿದರು. ಪಾತ್ರೆ ಚಾಚಿದಲ್ಲೇ ಇತ್ತು.

"ಅಷ್ಟೇನಾ ಅಂಕಲ್?"

ಜೇಬಿನಿಂದ ಕೈ ಹೊರಬಂತು.

"ಕೆಮಿಸ್ಟ್ರಿ ಪರಕಾರ ಅಷ್ಟೇ ಸಾರ್" ಎಂದ ಮುನಿಶಾಮಿ, ಅಳತೆಯನ್ನು ಮತ್ತೊಮ್ಮೆ ಕ್ಯಾನಿಗೆ ಅದ್ದುತ್ತಾ. "ತಗಳಿ, ಇದು ನಮ್ಮವ್ವಂದು."